ದಿನಬಳಕೆಗೆ ಒಂದು ಸಿಗಾರ್: ಎಲೆಯಲ್ಲಿ ಬೇಡ, ಅಳತೆಯಲ್ಲಿ ಉಳಿಸಿ

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿದ್ದೇನೆ, ವಯಸ್ಸು 43. ಭಾವನ ಮನೆಯ ಹಿತ್ತಿಲಲ್ಲಿ ಕೂತು ಆಗಾಗ ಒಂದು ಸಿಗಾರ್ ಸೇದಿ ರುಚಿ ಹತ್ತಿದೆ. ಅವರು ಸೇದುವುದು ಒಂದೊಂದೂ 18–20 ಡಾಲರಿನದು. ನನಗೆ ಅದು ಗಿಟ್ಟುವುದಿಲ್ಲ. ಜನವರಿಯಲ್ಲಿ ಆನ್‌ಲೈನ್‌ನಲ್ಲಿ 20 ಸಿಗಾರ್‌ಗಳ ಒಂದು ಬಂಡಲ್ ಅನ್ನು 40 ಡಾಲರ್‌ಗೆ ತರಿಸಿದೆ. ಬಂದ ರಾತ್ರಿಯೇ ಹೊರಗೆ ನಿಂತು ಒಂದು ಹಚ್ಚಿದೆ. ಬರೀ ಕಹಿ, ಗಂಟಲುರಿ. ಒಂದು ಪಕ್ಕ ಮಾತ್ರ ಉರಿದುಕೊಂಡು ಹೋಯಿತು. ಮೂರು ಸೇದಿ ಬಿಟ್ಟೆ. ಉಳಿದ 17 ಅಡುಗೆಮನೆಯ ಕಪಾಟಿನಲ್ಲಿವೆ. ಅಗ್ಗದ ಸಿಗಾರ್ ಅಂದರೆ ಇಷ್ಟೇನಾ ಸರ್? ಕ್ಯೂಬಾದ್ದೇ ಬೇಕಾ? 6–8 ಡಾಲರ್ ಒಳಗೆ ದಿನಬಳಕೆಗೆ ಆಗುವಂಥದ್ದು ಹೇಳಿ. ಮನೆಯಲ್ಲಿ ಹ್ಯೂಮಿಡಾರ್ (ಸಿಗಾರ್ ಒಣಗದಂತೆ ತೇವ ಕಾಯುವ ಪೆಟ್ಟಿಗೆ) ಇಲ್ಲ.

ಉತ್ತರ: ಆ 17 ಸಿಗಾರ್‌ಗಳನ್ನು ಬಿಸಾಡಬೇಡಿ. ಅವುಗಳ ಕಥೆಗೆ ಕೊನೆಯಲ್ಲಿ ಬರುತ್ತೇನೆ. ನೀವು ಬರೆದದ್ದನ್ನು ಓದಿದರೆ ಅರ್ಧ ತಪ್ಪು ಬಂಡಲ್‌ನದು, ಇನ್ನರ್ಧ ಆ ಜನವರಿ ರಾತ್ರಿಯದು ಅಂತ ಅನಿಸುತ್ತದೆ.

ನಾನು ಹುಟ್ಟಿದ್ದು ಪಿರಿಯಾಪಟ್ಟಣದ ಕಡೆ, ಹೊಗೆಸೊಪ್ಪು ಬೆಳೆಯುವ ಮನೆಯಲ್ಲಿ. ಅಮೆರಿಕಕ್ಕೆ ಬಂದ ಮೇಲೆ ಒಂದು ಸಿಗಾರ್ ಅಂಗಡಿಯ ಕೌಂಟರ್ ಹಿಂದೆ 11 ವರ್ಷ ನಿಂತೆ. ಇದೇ ಪ್ರಶ್ನೆಯನ್ನು ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಕೇಳುವಾಗ ದನಿ ಸ್ವಲ್ಪ ತಗ್ಗುತ್ತಿತ್ತು, ಅಗ್ಗದ್ದು ಕೇಳುವುದು ಏನೋ ಅವಮಾನ ಅನ್ನುವ ಹಾಗೆ. ತಮಾಷೆ ಏನೆಂದರೆ, ಅಂಗಡಿಯಲ್ಲಿ ದುಡಿಯುತ್ತಿದ್ದ ನಾವೆಲ್ಲ ಸಂಜೆ ಹಚ್ಚುತ್ತಿದ್ದದ್ದು ಆ ಕೆಳಗಿನ ಸಾಲಿನ ಸಿಗಾರ್‌ಗಳನ್ನೇ.

ಮೊದಲು ‘ದಿನಬಳಕೆ’ ಅನ್ನುವ ಮಾತನ್ನು ಸ್ವಲ್ಪ ಬಿಡಿಸಿಕೊಳ್ಳೋಣ. ಅಮ್ಮನ ಬೀರುವಿನಲ್ಲಿ ದಿನಾ ಉಡುವ ಸೀರೆ ಬೇರೆ, ರೇಷ್ಮೆ ಸೀರೆ ಬೇರೆ ಅಲ್ವಾ? ಆ ಅರ್ಥದಲ್ಲಿ ಆದರೆ ಸರಿ. ಹಬ್ಬವಿಲ್ಲದ ದಿನ, ಜಾಸ್ತಿ ಯೋಚಿಸದೆ ಹಚ್ಚುವಂಥದ್ದು. ದಿನಕ್ಕೊಂದು ಅನ್ನುವ ಅರ್ಥದಲ್ಲಿ ಆದರೆ ಬೇಡ ಅಂತಲೇ ಹೇಳುತ್ತೇನೆ. ‘ನಾನು ಹೊಗೆ ಒಳಗೆ ಎಳೆಯಲ್ಲ, ಬಾಯಲ್ಲೇ ಬಿಡ್ತೀನಿ’ ಅಂತ ಎಲ್ಲರೂ ಹೇಳುತ್ತಾರೆ. ಸಿಗಾರ್‌ನ ಹೊಗೆ ಕ್ಷಾರದ ಗುಣದ್ದು. ಅದರ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ, ಒಳಗೆ ಎಳೆಯಲೇಬೇಕು ಅಂತಿಲ್ಲ. ಒಂದು ದೊಡ್ಡ ಸಿಗಾರ್‌ನಲ್ಲಿ ಒಂದು ಇಡೀ ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ದಿನಕ್ಕೆ ಒಂದೋ ಎರಡೋ ಸೇದುವವರಿಗೂ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್ ಅಪಾಯ ಹೆಚ್ಚು ಅಂತ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ವರದಿ ಕೊಟ್ಟಿದೆ. ಕಡಿಮೆ ಸೇದಿದರೆ ಅಪಾಯ ಕಡಿಮೆಯಾಗಬಹುದು, ಇಲ್ಲವಾಗುವುದಿಲ್ಲ. ನಾನೂ ವಾರಕ್ಕೆ ಒಂದಕ್ಕೆ ಇಳಿದಿದ್ದೇನೆ. ಮಾರಿ ಬದುಕಿದವನು ಇದನ್ನು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ, ಅದಕ್ಕೇ ಮೊದಲೇ ಹೇಳಿದೆ.

ಈಗ ಎಲೆಯ ವಿಷಯ. ನಮ್ಮ ಹುಣಸೂರು, ಪಿರಿಯಾಪಟ್ಟಣದ ಸೊಪ್ಪಿಗೂ ಸಿಗಾರ್ ಸೊಪ್ಪಿಗೂ ಗಿಡ ಒಂದೇ ಜಾತಿ. ಹದ ಮಾಡುವ ರೀತಿ ಮಾತ್ರ ಪೂರ್ತಿ ಬೇರೆ. ನಮ್ಮಲ್ಲಿ ಸೊಪ್ಪು ಬೇಯಿಸುವ ಮನೆಯಾದ ಬ್ಯಾರನ್‌ನಲ್ಲಿ ಸೊಪ್ಪು ಕಟ್ಟಿ, ಹೊರಗಡೆ ಸೌದೆ ಉರಿಸಿ, ಕೊಳವೆಯಲ್ಲಿ ಬಿಸಿ ಹರಿಸಿ, ಒಂದು ವಾರದೊಳಗೆ ಬೇಯಿಸಿ ಮುಗಿಸುತ್ತಾರೆ. ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ಬರುತ್ತದೆ. ಅದರೊಳಗಿನ ಸಕ್ಕರೆ ಹಾಗೇ ಉಳಿಯುತ್ತದೆ. ಅದು ಸಿಗರೇಟಿಗೆ ಹೋಗುವ ಮಾಲು. ಸಿಗಾರ್ ಎಲೆಗೆ ಸಾಮಾನ್ಯವಾಗಿ ಹೀಗೆ ಬೆಂಕಿ ತೋರಿಸುವುದಿಲ್ಲ. ಗಾಳಿಯಾಡುವ ದೊಡ್ಡ ಕೊಟ್ಟಿಗೆಯಲ್ಲಿ ವಾರಗಟ್ಟಲೆ ನೇತುಹಾಕುತ್ತಾರೆ. ಹಸಿರು ಹೋಗಿ ಹಳದಿ, ಹಳದಿ ಹೋಗಿ ಕಂದು. ಸಕ್ಕರೆ ಬಹುಪಾಲು ಕರಗಿ ಹೋಗುತ್ತದೆ. ಆಮೇಲೆ ಎಲೆಗಳನ್ನು ಎದೆಮಟ್ಟದ ರಾಶಿ ಹಾಕುತ್ತಾರೆ. ಗೊಬ್ಬರದ ಗುಂಡಿಯ ಹಾಗೆ ರಾಶಿ ತನ್ನಷ್ಟಕ್ಕೆ ಒಳಗಿಂದ ಬಿಸಿಯಾಗುತ್ತದೆ. ಮಧ್ಯೆ ಮಧ್ಯೆ ಬಿಚ್ಚಿ, ಒಳಗಿನದು ಹೊರಗೆ ಹೊರಗಿನದು ಒಳಗೆ ಮಾಡಿ ಮತ್ತೆ ಒಟ್ಟುತ್ತಾರೆ. ಇದರಲ್ಲಿ ಎಲೆಯ ಅಮೋನಿಯಾ ಹೊರಗೆ ಹೋಗುತ್ತದೆ. ಆಮೇಲೆ ಚೀಲ ಕಟ್ಟಿ ವರ್ಷಗಟ್ಟಲೆ ಇಡುತ್ತಾರೆ.

ನಿಮ್ಮ ಗಂಟಲುರಿಯ ಒಂದು ಕಾರಣ ಇಲ್ಲೇ ಇದೆ. ಎಲೆಯನ್ನು ಕಾಯಿಸಿ, ಕಾದು, ಇಟ್ಟುಕೊಂಡು ಕೂರುವುದಕ್ಕೆ ದುಡ್ಡು ಬೇಕು. ತೀರಾ ಅಗ್ಗದ ಬಂಡಲ್‌ನಲ್ಲಿ ಮೊದಲು ಕತ್ತರಿ ಬೀಳುವುದು ಈ ಕಾಯುವ ಕಾಲಕ್ಕೆ. ಹಳೇ ಅಕ್ಕಿಗೂ ಹೊಸ ಅಕ್ಕಿಗೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ. ಹೊಸ ಅಕ್ಕಿ ಅನ್ನ ಮುದ್ದೆಯಾಗುತ್ತದೆ. ಹೊಸ ಹೊಗೆಸೊಪ್ಪು ಮೂಗಿಗೆ ಚುಚ್ಚುತ್ತದೆ. ಹಚ್ಚದ ಸಿಗಾರ್‌ನ ತುದಿ ಮೂಸಿ ನೋಡಿ. ಒಣಹುಲ್ಲು, ಮರ, ಕೋಕೋ ಥರ ವಾಸನೆ ಬಂದರೆ ಒಳ್ಳೆಯದು. ಕೊಟ್ಟಿಗೆಯ ಗಂಜಲದ ವಾಸನೆ ತೀರಾ ಜೋರಾಗಿದ್ದರೆ ಎಲೆ ಇನ್ನೂ ಹದವಾಗಿಲ್ಲ.

ಸಿಗಾರ್ ಅನ್ನು ಒಬ್ಬಟ್ಟಿನ ಹಾಗೆ ಅಂದುಕೊಳ್ಳಿ. ಒಳಗೆ ಹೂರಣ, ಹೊರಗೆ ಕಣಕ. ಹೂರಣಕ್ಕೆ ಫಿಲ್ಲರ್ ಅಂತಾರೆ. ಅದನ್ನು ಹಿಡಿದು ಕಟ್ಟುವ ಒರಟು ಎಲೆ ಬೈಂಡರ್. ಎಲ್ಲಕ್ಕಿಂತ ಮೇಲೆ ನಯವಾದ ರ‍್ಯಾಪರ್. ಹೂರಣದಲ್ಲೂ ಗಿಡದ ಮೂರು ಭಾಗದ ಎಲೆ ಬೆರೆಸುತ್ತಾರೆ. ಮೇಲಿನ, ಬಿಸಿಲು ತಿಂದ ದಪ್ಪ ಎಲೆ ಲಿಹೇರೋ, ಖಾರ ಕೊಡುವುದು ಅದು. ನಡುವಿನದು ಸೆಕೋ, ಪರಿಮಳಕ್ಕೆ. ಕೆಳಗಿನ ತೆಳುವಾದದ್ದು ವೊಲಾಡೊ, ಚೆನ್ನಾಗಿ ಉರಿಯಲಿಕ್ಕೆ. ಉದ್ದುದ್ದ ಇಡೀ ಎಲೆ ತುಂಬಿದರೆ ಲಾಂಗ್ ಫಿಲ್ಲರ್. ಕತ್ತರಿಸಿ ಉಳಿದ ಚೂರು ತುಂಬಿದರೆ ಶಾರ್ಟ್ ಫಿಲ್ಲರ್. ಉದ್ದ ಎಲೆಯ ಮಧ್ಯೆ ಚೂರು ಇಟ್ಟರೆ ಅದಕ್ಕೆ ಅಂಗಡಿಯಲ್ಲಿ ‘ಕ್ಯೂಬನ್ ಸ್ಯಾಂಡ್‌ವಿಚ್’ ಅನ್ನುತ್ತಾರೆ, ಕ್ಯೂಬಾಕ್ಕೂ ಅದಕ್ಕೂ ಸಂಬಂಧವಿರಬೇಕಿಲ್ಲ.

ಚೂರು ಅಂದ ತಕ್ಷಣ ಮೂಗು ಮುರಿಯಬೇಡಿ. ಯಾರ ಮನೆಯ ಚೂರು ಅನ್ನುವುದು ಮುಖ್ಯ. ಒಳ್ಳೆಯ ಕಾರ್ಖಾನೆಯಲ್ಲಿ ದುಬಾರಿ ಸಿಗಾರ್ ಸುತ್ತಿ ಉಳಿದ ತುಂಡೂ ಅದೇ ಹದವಾದ, ಹಳೆಯ ಎಲೆಯೇ ತಾನೆ? ಅದು ಬೇಗ ಉರಿಯುತ್ತದೆ, ಸ್ವಲ್ಪ ಬಿಸಿಯಾಗುತ್ತದೆ, ಬೂದಿ ಬೇಗ ಉದುರುತ್ತದೆ, ಒಮ್ಮೊಮ್ಮೆ ತುಟಿಗೆ ಚೂರು ಬರುತ್ತದೆ. ನಾಯಿ ಕರೆದುಕೊಂಡು ಹೋಗುವಾಗ, ಹಿಮ ಬಾಚುವಾಗ ಇದೇನು ದೊಡ್ಡ ಕೊರತೆಯಲ್ಲ. ಕಾಗದದ ಹಾಗೆ ತಂಬಾಕಿನ ಪುಡಿಯನ್ನು ಅರೆದು ಹಾಳೆ ಮಾಡಿ ಸುತ್ತಿದ, ಪೆಟ್ರೋಲ್ ಬಂಕಿನಲ್ಲಿ ಸಿಗುವ ಯಂತ್ರದ ಮಾಲು ಬೇರೆ. ಅದನ್ನು ನಾನು ಈ ಲೆಕ್ಕಕ್ಕೇ ಸೇರಿಸುತ್ತಿಲ್ಲ.

ದುಡ್ಡು ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಾದರೆ ಎಲ್ಲಿ ಉಳಿಸಬಹುದು ಅಂತಲೂ ಗೊತ್ತಾಗುತ್ತದೆ. ತೂಕದ ಲೆಕ್ಕದಲ್ಲಿ ಅತಿ ದುಬಾರಿ ಎಲೆ ಅಂದರೆ ಅದು ರ‍್ಯಾಪರ್. ತೂತು, ಕಲೆ, ದಪ್ಪ ನರ ಯಾವುದೂ ಇರಕೂಡದು. ಕನೆಕ್ಟಿಕಟ್‌ನಲ್ಲಿ 1900ರಿಂದ ಹೊಲಕ್ಕೇ ತೆಳುಬಟ್ಟೆಯ ಚಪ್ಪರ ಹಾಕಿ ನೆರಳಲ್ಲಿ ಈ ಎಲೆ ಬೆಳೆಯುತ್ತಿದ್ದಾರೆ. ಈಕ್ವೆಡಾರ್‌ನಲ್ಲಿ ಚಪ್ಪರ ಬೇಡ, ಮೋಡವೇ ಚಪ್ಪರ. ಅದಕ್ಕೇ ಕನೆಕ್ಟಿಕಟ್ ಬೀಜದ ಎಲೆ ಈಗ ಅಲ್ಲಿಂದ ರಾಶಿ ರಾಶಿ ಬರುತ್ತದೆ, ಕಡಿಮೆ ಬೆಲೆಗೆ. ರ‍್ಯಾಪರ್ ಬಿಟ್ಟರೆ ಕೈಕೆಲಸ, ಇಟ್ಟ ವರ್ಷಗಳು, ಮರದ ಪೆಟ್ಟಿಗೆ, ಬಂಗಾರದ ಪಟ್ಟಿ, ಜಾಹೀರಾತು. ಪೆಟ್ಟಿಗೆಯನ್ನೂ ಪಟ್ಟಿಯನ್ನೂ ಯಾರೂ ಸೇದುವುದಿಲ್ಲ, ಅಲ್ಲಿ ಉಳಿಸಬಹುದು. ರ‍್ಯಾಪರ್‌ನ ಅಂದದಲ್ಲಿ ಉಳಿಸಬಹುದು. ಬಣ್ಣ ಒಂದಕ್ಕೊಂದು ಹೊಂದಲಿಲ್ಲ ಅಂತ ಸೆಕೆಂಡ್ಸ್ ಆದ ಸಿಗಾರ್ ಉರಿಯುವುದರಲ್ಲಿ ಏನೂ ಕಡಿಮೆಯಿಲ್ಲ, ಅಂಚು ಸರಿಯಿಲ್ಲದ ಸೀರೆಯ ಹಾಗೆ. ಹದ ಮತ್ತು ವಯಸ್ಸಿನಲ್ಲಿ ಮಾತ್ರ ಉಳಿಸಬಾರದು.

ಎಲ್ಲಕ್ಕಿಂತ ದೊಡ್ಡ ಉಳಿತಾಯ ಅಳತೆಯಲ್ಲಿದೆ. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ನಮ್ಮವರಂತೂ ಆರು ಡಾಲರಿಗೆ ದಪ್ಪನೆಯದು ಸಿಕ್ಕರೆ ಲಾಭ ಅಂತಲೇ ಲೆಕ್ಕ ಹಾಕುತ್ತಾರೆ. ಸಿಗಾರ್‌ನ ದಪ್ಪವನ್ನು ರಿಂಗ್ ಗೇಜ್ ಅಂತ ಅಳೆಯುತ್ತಾರೆ. ಒಂದು ಇಂಚನ್ನು 64 ಭಾಗ ಮಾಡಿದರೆ ಅದರಲ್ಲಿ ಎಷ್ಟು ಭಾಗ ಅನ್ನುವುದು ಲೆಕ್ಕ. 50 ಅಂದರೆ ಸುಮಾರು 20 ಮಿಲಿಮೀಟರ್. 5 ಇಂಚು ಉದ್ದ, 50 ರಿಂಗ್ ಇದ್ದರೆ ರೊಬುಸ್ಟೊ. 6 ಇಂಚು, 52 ಇದ್ದರೆ ಟೊರೊ. ಐದೂವರೆ ಇಂಚು, 42 ಇದ್ದರೆ ಕರೋನಾ. (ವೈರಸ್ ಬಂದ ಮೇಲೆ ಈ ಹೆಸರು ಹೇಳಿ ಕೇಳುವವರು ಅಂಗಡಿಯಲ್ಲಿ ಒಂದು ವರ್ಷ ಮುಜುಗರ ಪಟ್ಟರು.) ದಪ್ಪ ಸ್ವಲ್ಪ ಇಳಿದರೂ ಒಳಗಿನ ತಂಬಾಕು ವರ್ಗದ ಲೆಕ್ಕದಲ್ಲಿ (ದಪ್ಪವನ್ನು ದಪ್ಪದಿಂದಲೇ ಗುಣಿಸಿದ ಹಾಗೆ) ಇಳಿಯುತ್ತದೆ. ಆ ಟೊರೊದಲ್ಲಿ ಇರುವುದರ ಬರೀ ಶೇ 60ರಷ್ಟು ತಂಬಾಕು ಕರೋನಾದಲ್ಲಿರುತ್ತದೆ. ಈಗ ಫ್ಯಾಷನ್ ಆಗಿರುವ 6 ಇಂಚು 60 ರಿಂಗಿನ ಗಟ್ಟಿಗನ ಪಕ್ಕ ಇಟ್ಟರೆ ಅರ್ಧಕ್ಕಿಂತ ಕಡಿಮೆ.

ಕೈಕೆಲಸ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಹಾಗಾಗಿ ಬೆಲೆ ಅಷ್ಟೇ ಪ್ರಮಾಣದಲ್ಲಿ ಇಳಿಯುವುದಿಲ್ಲ, ನಿಜ. ಆದರೂ ಇಳಿಯುತ್ತದೆ. ಒಳ್ಳೆಯ ಮನೆಯ ಸಣ್ಣ ಸಿಗಾರ್, ಸಾಧಾರಣ ಮನೆಯ ದಪ್ಪ ಸಿಗಾರ್ ಎರಡೂ ಒಂದೇ ಬೆಲೆಗೆ ಇದ್ದರೆ ಕಣ್ಣು ಮುಚ್ಚಿ ಸಣ್ಣದು ತಗೊಳ್ಳಿ. ಸಣ್ಣದರಲ್ಲಿ ಹೂರಣಕ್ಕೆ ಹೋಲಿಸಿದರೆ ರ‍್ಯಾಪರ್ ಪಾಲು ಜಾಸ್ತಿ, ಅಂದರೆ ರುಚಿಯ ಪಾಲು ಜಾಸ್ತಿ. ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ವಾರದ ದಿನ ಕೆಲಸ ಮುಗಿಸಿ ಬಂದವನಿಗೆ ಒಂದೂವರೆ ಗಂಟೆಯ ಸಿಗಾರ್ ಬಿಡುವಲ್ಲ, ಇನ್ನೊಂದು ಡ್ಯೂಟಿ. ತಂಬಾಕು ಕಡಿಮೆ ಒಳಗೆ ಹೋಗುವುದೂ ಒಂದು ಲಾಭವೇ. ನಿಮ್ಮ ಇಡೀ ಪ್ರಶ್ನೆಗೆ ನನ್ನ ಉತ್ತರ ಒಂದೇ ಸಾಲಿನಲ್ಲಿ ಬೇಕಿದ್ದರೆ ಅದು ಇದೇ: ಭಾವ ಸೇದುವ ಮನೆತನದ್ದೇ ಸೇದಿ, ಅಳತೆ ಮಾತ್ರ ಎರಡು ಮೆಟ್ಟಿಲು ಇಳಿಸಿ.

ಹೆಸರು ಕೇಳಿದ್ದೀರಿ, ಹೇಳುತ್ತೇನೆ. ಬೆಲೆ ರಾಜ್ಯಕ್ಕೊಂದು ಥರ, ಹಾಗಾಗಿ ಡಾಲರ್ ಲೆಕ್ಕ ನೀವೇ ನೋಡಿಕೊಳ್ಳಿ.

ನನ್ನ ಮೊದಲ ಆಯ್ಕೆ ಪದ್ರೋನ್ ಮನೆಯ ಸಾಧಾರಣ ಸಾಲಿನ ‘ಲೊಂಡ್ರೆಸ್’. ಐದೂವರೆ ಇಂಚಿನ ಕರೋನಾ. ನಿಮ್ಮ ಮಿತಿಯ ಮೇಲಂಚಿಗೆ ಬರುತ್ತದೆ, ನ್ಯೂಜೆರ್ಸಿಯಲ್ಲಿ ಸ್ವಲ್ಪ ದಾಟಲೂಬಹುದು. ಇದೇ ಮನೆಯ ದೊಡ್ಡ ಹೆಸರಿನ ಸಿಗಾರ್‌ಗಳು ನಿಮ್ಮ ಭಾವನ ಪೆಟ್ಟಿಗೆಯಲ್ಲಿ ಇರಬಹುದು. ಹೋಸೆ ಒರ್ಲಾಂಡೊ ಪದ್ರೋನ್ 1964ರಲ್ಲಿ ಮಯಾಮಿಯಲ್ಲಿ ಅಂಗಡಿ ಇಟ್ಟದ್ದು ಶ್ರೀಮಂತರಿಗಾಗಿ ಅಲ್ಲ. ಕ್ಯೂಬಾ ಬಿಟ್ಟು ಬಂದ ದುಡಿಯುವ ಜನ ಕೈಗೆಟಕುವ ಬೆಲೆಗೆ ಗಟ್ಟಿಯಾದ ಸಿಗಾರ್ ಕೇಳುತ್ತಿದ್ದರು. ಈಗ ತಯಾರಾಗುವುದು ನಿಕರಾಗುವಾದಲ್ಲಿ. ಈ ಸಾಲಿನ ಎಲೆಯೂ ಕನಿಷ್ಠ ಎರಡೂವರೆ ವರ್ಷ ಹಳೆಯದು. ಸ್ವಲ್ಪ ಖಾರ, ಊಟ ಆದ ಮೇಲೆಯೇ ಸೇದಿ.

ಖಾರ ಬೇಡ ಅಂದರೆ ‘ಚಾರ್ಟರ್ ಓಕ್’, ಕನೆಕ್ಟಿಕಟ್ ಶೇಡ್ ರ‍್ಯಾಪರ್‌ನದು. ಹಾಲು ಹಾಕಿದ ಕಾಫಿಯ ಜೊತೆ ಚೆನ್ನ. ಅದೇ ಹೆಸರಿನಲ್ಲಿ ಕಪ್ಪಗಿನ ಬ್ರಾಡ್‌ಲೀಫ್ (ಅಗಲ ಎಲೆಯ ತಂಬಾಕು) ರ‍್ಯಾಪರ್‌ನದೂ ಬರುತ್ತದೆ, ಎರಡನ್ನೂ ಒಂದೊಂದು ತಂದು ಹೋಲಿಸಿ. ರ‍್ಯಾಪರ್ ಏನು ಮಾಡುತ್ತದೆ ಅಂತ ನಾಲಿಗೆಗೇ ಗೊತ್ತಾಗುತ್ತದೆ. ಕಪ್ಪಗಿದ್ದರೆ ಖಾರ ಅಂತ ತಿಳಿಯಬೇಡಿ. ಕಪ್ಪು ಎಲೆ ಎಷ್ಟೋ ಸಲ ಸಿಹಿಯ ಕಡೆ ವಾಲುತ್ತದೆ.

ಟ್ಯಾಂಪಾದ ಜೆ.ಸಿ. ನ್ಯೂಮನ್ 1895ರಲ್ಲಿ ಶುರುವಾದ ಮನೆ. ಅವರ ‘ಬ್ರಿಕ್ ಹೌಸ್’ ನಿಕರಾಗುವಾದಲ್ಲಿ ಕೈಯಲ್ಲಿ ಸುತ್ತಿದ್ದು, ಲಾಂಗ್ ಫಿಲ್ಲರ್. ಇನ್ನೂ ಅಗ್ಗ ಬೇಕಿದ್ದರೆ ಅವರದ್ದೇ ‘ಕ್ವೋರಮ್’ ಬಂಡಲ್. ಒಲಿವಾ ಮನೆಯ ‘ಫ್ಲೋರ್ ದೆ ಒಲಿವಾ’ ಕೂಡ ಇದೇ ಸಾಲಿನದು. ಇವೆರಡರಿಂದ ಅದ್ಭುತ ನಿರೀಕ್ಷಿಸಬೇಡಿ, ಮೋಸವನ್ನೂ ನಿರೀಕ್ಷಿಸಬೇಡಿ. ಚೂರಿನ ಸಿಗಾರ್ ಅಂದೆನಲ್ಲ, ಅದರ ಒಳ್ಳೆಯ ಉದಾಹರಣೆ ಆರ್ತುರೊ ಫ್ವೆಂತೆಯ ‘ಕರ್ಲಿ ಹೆಡ್’. 1912ರಿಂದ ಸಿಗಾರ್ ಮಾಡುತ್ತಿರುವ ಕುಟುಂಬ, ಈಗ ಡೊಮಿನಿಕನ್ ರಿಪಬ್ಲಿಕ್‌ನಲ್ಲಿದೆ. ನೋಡಲಿಕ್ಕೆ ಒರಟು. ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ಪ್ಲಂಬರ್ ಇದನ್ನು ಬಿಟ್ಟು ಬೇರೆ ಮುಟ್ಟುತ್ತಿರಲಿಲ್ಲ.

ಎಲ್ಲರೂ ಮರೆಯುವ ಇನ್ನೊಂದು ದಾರಿ ಇದೆ. ಹ್ಯೂಮಿಡಾರ್ ಇಲ್ಲ ಅಂದಿರಲ್ಲ, ನಿಮ್ಮಂಥವರಿಗೇ ಹೇಳಿ ಮಾಡಿಸಿದ್ದು: ಇಟಲಿಯ ತೊಸ್ಕಾನೊ. ನಡು ಉಬ್ಬಿ ಎರಡೂ ತುದಿ ಸಣ್ಣಗಾದ, ಒಣಗಿದ ಬೇರಿನ ಥರ ಕಾಣುವ ಸಿಗಾರ್. ಕೆಂಟಕಿ ತಂಬಾಕನ್ನು ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿ ಮಾಡುತ್ತಾರೆ. ಅದರ ಹುಟ್ಟಿನ ಕಥೆ ಚೆನ್ನಾಗಿದೆ. 1815ರಲ್ಲಿ ಫ್ಲಾರೆನ್ಸ್‌ನ ಕಾರ್ಖಾನೆಯ ಹೊರಗೆ ಒಣಗಲು ಹಾಕಿದ್ದ ತಂಬಾಕು ಮಳೆಗೆ ಸಿಕ್ಕಿ ನೆನೆದು ಹುದುಗಿತಂತೆ. ಬಿಸಾಡಲು ಮನಸ್ಸಾಗದೆ ಅದನ್ನೇ ಸುತ್ತಿ ಬಡವರಿಗೆ ಅಗ್ಗಕ್ಕೆ ಮಾರಿದರು. ಜನಕ್ಕೆ ಅದೇ ಹಿಡಿಸಿತು. ತೊಸ್ಕಾನೊಗೆ ತೇವದ ಪೆಟ್ಟಿಗೆ ಬೇಡ, ಮೇಜಿನ ಡ್ರಾಯರ್ ಸಾಕು. ಇಟಲಿಯವರು ನಡುವೆ ಕತ್ತರಿಸಿ ಅರ್ಧ ಸೇದುತ್ತಾರೆ, ಅಂದರೆ ಒಂದರ ಬೆಲೆಗೆ ಎರಡು ಸಂಜೆ. ರುಚಿ ಮಾತ್ರ ಒಲೆ ಮುಂದೆ ಕೂತ ಹಾಗೆ, ಹೊಗೆ ಹೊಗೆ. ನನಗೆ ಅಜ್ಜಿಮನೆಯ ಬಚ್ಚಲೊಲೆ ನೆನಪಾಗುತ್ತದೆ. ಹೆಂಡತಿಗೆ ಆ ವಾಸನೆ ಸೇರುವುದಿಲ್ಲ. ಮೊದಲು ಒಂದೇ ಒಂದು ತಂದು ನೋಡಿ.

ಕ್ಯೂಬಾದ್ದೇ ಬೇಕಾ ಅಂತ ಕೇಳಿದ್ದೀರಿ. ಬೇಡ. ಅಮೆರಿಕದಲ್ಲಿ ಕಾನೂನಿನ ಪ್ರಕಾರ ಸಿಗುವುದೂ ಇಲ್ಲ. ಕೆನಡಿ ಕಾಲದಲ್ಲಿ, 1962ರಲ್ಲಿ ಬಂದ ನಿರ್ಬಂಧ ಇದು. ನಡುವೆ ಪ್ರಯಾಣಿಕರು ಸ್ವಂತಕ್ಕೆ ಒಂದಷ್ಟು ತರಬಹುದಿತ್ತು, 2020ರ ಸೆಪ್ಟೆಂಬರ್‌ನಲ್ಲಿ ಅದೂ ನಿಂತಿತು. ನಿಮ್ಮ ಅಂಗಡಿಯಲ್ಲಿ ಕಾಣುವ ಮೊಂಟೆಕ್ರಿಸ್ಟೊ, ರೋಮಿಯೊ ಇ ಜುಲಿಯೆಟಾ, ಪರ್ತಗಾಸ್ ಎಲ್ಲ ಅದೇ ಹೆಸರಿನ ಬೇರೆ ಕಂಪನಿಗಳ ಮಾಲು. ಹೆಚ್ಚಿನವು ಡೊಮಿನಿಕನ್ ರಿಪಬ್ಲಿಕ್ ಅಥವಾ ಹೊಂಡುರಾಸ್‌ನವು. ಕೆಟ್ಟದ್ದು ಅಂತಲ್ಲ, ಹೆಸರಿಗೆ ಜಾಸ್ತಿ ಕೊಡುತ್ತಿದ್ದೀರಿ ಅಷ್ಟೇ. ಮೆಕ್ಸಿಕೊದ ಕ್ಯಾನ್‌ಕೂನ್‌ನ ಬೀಚಿನಲ್ಲಿ ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಯಾರಾದರೂ ಕೊಹೀಬಾ ತೋರಿಸಿದರೆ ನಕ್ಕು ಮುಂದೆ ಹೋಗಿ. ಅಸಲಿ ಕ್ಯೂಬನ್ ಕೊಹೀಬಾ ಗಾಜಿನ ಮುಚ್ಚಳದಲ್ಲಿ ಬರುವುದಿಲ್ಲ.

ಅಂಗಡಿಗೆ ಹೋದಾಗ ಕೈಯಿಂದ ನೋಡುವುದು ಹೇಗೆ ಅಂತ ಹೇಳುತ್ತೇನೆ. ಬೆಲೆ ಕಡಿಮೆಯಾದಷ್ಟೂ ಈ ಪರೀಕ್ಷೆ ಮುಖ್ಯ. ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ತುದಿಯಿಂದ ತುದಿಗೆ ಮೆಲ್ಲಗೆ ಒತ್ತುತ್ತಾ ಹೋಗಿ. ಬಾಳೆಹಣ್ಣು ಆರಿಸುವಷ್ಟು ಮೆಲ್ಲಗೆ. ನಿಮ್ಮದಾಗದ ಸಿಗಾರ್ ಒಡೆದು ಇಟ್ಟು ಬರಬೇಡಿ. ಎಲ್ಲಾ ಕಡೆ ಒಂದೇ ಥರ ಸಣ್ಣಗೆ ಬಗ್ಗಿ ಮತ್ತೆ ಎದ್ದರೆ ಸರಿ. ಒಂದು ಕಡೆ ಮೆದುವಾಗಿ ಗುಳಿ ಬಿದ್ದರೆ ಅಲ್ಲಿ ಎಲೆ ಕಡಿಮೆ, ಬೆಂಕಿ ಒಳಗೊಳಗೇ ಸುರಂಗ ಕೊರೆಯುತ್ತದೆ. ಒಂದು ಕಡೆ ಗಂಟಿನ ಹಾಗೆ ಗಟ್ಟಿಯಿದ್ದರೆ ಹೊಗೆಯೇ ಬರುವುದಿಲ್ಲ, ಕೆನ್ನೆ ನೋಯುವ ತನಕ ಎಳೆಯಬೇಕು. ಬುಡ, ಅಂದರೆ ಹಚ್ಚುವ ತುದಿ, ನೋಡಿ. ಎಲೆಯ ಮಡಿಕೆ ಕಾಣಬೇಕು, ಪುಡಿ ಉದುರಬಾರದು. ಇಷ್ಟು ಸಾಕು.

ಆನ್‌ಲೈನ್‌ನಲ್ಲಿ ಈ ಕೈಪರೀಕ್ಷೆ ಆಗುವುದಿಲ್ಲ. ಜೊತೆಗೆ ಅಲ್ಲಿ ಇನ್ನೊಂದು ಆಟ ನಡೆಯುತ್ತದೆ. ‘150 ಡಾಲರಿನ ಮಾಲು 40ಕ್ಕೆ’ ಅಂತ ಬರೆದಿರುತ್ತಾರೆ. ಆ ಬಂಡಲ್ ಬೇರೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ, ಅವರದ್ದೇ ಸ್ವಂತ ಹೆಸರು. ಹೋಲಿಸಲು ಇನ್ನೊಂದು ಬೆಲೆಯೇ ಇಲ್ಲದಾಗ 150 ಅನ್ನುವುದು ಬರೀ ಬರೆದ ಅಂಕಿ. ನಿಮ್ಮದೂ ಅಂಥದ್ದೇ ಇರಬೇಕು ಅಂತ ನನ್ನ ಊಹೆ. ಮೂರು ಅಂಗಡಿಯಲ್ಲಿ ಸಿಗುವ ಹೆಸರನ್ನೇ ಕೊಳ್ಳಿ. ಇನ್ನೊಂದು, ಒಂದೇ ಹೆಸರಿನ ಐದು ಬಿಡಿ ಸಿಗಾರ್ ಸೇದುವ ತನಕ ಬಂಡಲ್ ಕೊಳ್ಳಬೇಡಿ. ಒಂದು ಚೆನ್ನಾಗಿರುವುದು ಅದೃಷ್ಟ. ಐದರಲ್ಲಿ ನಾಲ್ಕು ಒಂದೇ ಥರ ಉರಿದರೆ ಆ ಕಾರ್ಖಾನೆಯ ಕೈ ನಂಬಬಹುದು. ದಿನಬಳಕೆಯ ಸಿಗಾರ್‌ಗೆ ರುಚಿಗಿಂತ ಈ ನಂಬಿಕೆ ಮುಖ್ಯ ಅಂತ ನಾನು ಹೇಳುತ್ತೇನೆ. ಒಪ್ಪದವರೂ ಇದ್ದಾರೆ.

ಬೆಲೆ ಹೋಲಿಸುವಾಗ ತೆರಿಗೆ ನೆನಪಿಡಿ. ಕೇಂದ್ರದ ತೆರಿಗೆ ಒಂದು ಸಿಗಾರ್‌ಗೆ ಹೆಚ್ಚೆಂದರೆ 40 ಸೆಂಟ್ ಚಿಲ್ಲರೆ. ರಾಜ್ಯದ್ದೇ ದೊಡ್ಡ ಬಾಬ್ತು. ನ್ಯೂಜೆರ್ಸಿಯಲ್ಲಿ ಸಗಟು ಬೆಲೆಯ ಮೇಲೆ ಶೇ 30. ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಸಿಗಾರ್‌ಗೆ ಆ ತೆರಿಗೆಯೇ ಇಲ್ಲ. ದೊಡ್ಡ ದೊಡ್ಡ ಆನ್‌ಲೈನ್ ಸಿಗಾರ್ ವ್ಯಾಪಾರಿಗಳು ಅಲ್ಲಿ ಗೋದಾಮು ಮಾಡಿಕೊಂಡಿರುವುದು ಸುಮ್ನೆ ಅಲ್ಲ. ಹಾಗಂತ ನಿಮ್ಮೂರಿನ ಅಂಗಡಿಯವನು ದೋಚುತ್ತಿದ್ದಾನೆ ಅಂತ ತಿಳಿಯಬೇಡಿ.

ಇಡುವುದು. 300 ಡಾಲರಿನ ಮರದ ಹ್ಯೂಮಿಡಾರ್ ನಿಮಗೆ ಬೇಡ. ಗಾಳಿಯಾಡದ ಮುಚ್ಚಳದ ಒಂದು ಪ್ಲಾಸ್ಟಿಕ್ ಡಬ್ಬಿ, ಒಳಗೆ ಶೇ 65 ಅಂತ ಬರೆದಿರುವ ಒಂದು ತೇವಾಂಶದ ಪೊಟ್ಟಣ. 60 ಗ್ರಾಮಿನ ಒಂದು ಪೊಟ್ಟಣ ಸುಮಾರು 25 ಸಿಗಾರ್‌ಗೆ ಸಾಕು. ಸಿಗಾರ್ ಒಣಗಿದರೆ ಬೇಗ ಉರಿದು ಕಹಿಯಾಗುತ್ತದೆ, ನೆನೆದರೆ ಉರಿಯುವುದೇ ಇಲ್ಲ. ಹೊರಗೆ ಹಿಮ, ಒಳಗೆ ಹೀಟರ್ ಇರುವ ನ್ಯೂಜೆರ್ಸಿಯ ಚಳಿಗಾಲದಲ್ಲಿ ಮನೆಯೊಳಗಿನ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ ಅಲ್ವಾ? ಆ ಗಾಳಿಯಲ್ಲಿ ಸಿಗಾರ್‌ನ ತುಟಿಯೂ ಒಡೆಯುತ್ತದೆ. ಫ್ರಿಜ್ ಬೇಡ, ಅದೂ ಒಣಗಿಸುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನಗೆ ಭಯ ಹುಟ್ಟಿಸಿದ್ದು ‘ಅಡುಗೆಮನೆಯ ಕಪಾಟು’. ತಂಬಾಕು ತಿನ್ನುವ ಒಂದು ಪುಟ್ಟ ಕಂದು ದುಂಬಿ ಇದೆ. ತಂಬಾಕಿನ ಹೆಸರೇ ಅದಕ್ಕೆ ಅಂಟಿದ್ದರೂ ಅದು ಅರಿಶಿನ, ಧನಿಯ, ಒಣಮೆಣಸಿನಕಾಯಿ ಯಾವುದನ್ನೂ ಬಿಡುವುದಿಲ್ಲ. ಊರಿಂದ ಅಮ್ಮ ಕಳಿಸಿದ ಧನಿಯದಲ್ಲಿ ಸಣ್ಣ ತೂತು ಕಂಡಿದ್ದರೆ ಅದೇ ಗಿರಾಕಿ ಇರಬಹುದು. ಸಿಗಾರ್‌ನಿಂದ ಸಾಂಬಾರ ಪದಾರ್ಥಕ್ಕೆ, ಅಲ್ಲಿಂದ ಇಲ್ಲಿಗೆ ಓಡಾಡುತ್ತದೆ. ಬೆಚ್ಚಗಾದಷ್ಟೂ ಮೊಟ್ಟೆ ಒಡೆಯುತ್ತವೆ, 24 ಡಿಗ್ರಿ ಸೆಲ್ಸಿಯಸ್ ದಾಟದಂತೆ ನೋಡಿಕೊಳ್ಳಿ. ಸಿಗಾರ್ ಮೇಲೆ ಗುಂಡುಸೂಜಿ ಚುಚ್ಚಿದಂಥ ತೂತು ಕಂಡರೆ ಅದನ್ನು ಬಿಸಾಡಿ. ಉಳಿದವನ್ನು ಜಿಪ್ ಕವರಿನಲ್ಲಿ ಹಾಕಿ ಒಂದು ದಿನ ಫ್ರಿಜ್, ಮೂರು ದಿನ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್‌ನಲ್ಲಿ ಇಟ್ಟು ತೆಗೆಯಿರಿ. ಫ್ರಿಜ್ ಬೇಡ ಅಂದೆ, ಇದೊಂದಕ್ಕೆ ಮಾತ್ರ ಬೇಕು.

ಸೇದುವ ರೀತಿಯಲ್ಲೂ ಅರ್ಧ ರುಚಿ ಇದೆ. ಜನವರಿ ರಾತ್ರಿ ಹೊರಗೆ ನಿಂತು ಸೇದಿದೆ ಅಂದಿರಿ. ಚಳಿಗೆ ಬೇಗ ಬೇಗ ಎಳೆದಿರುತ್ತೀರಿ. ನಿಮಿಷಕ್ಕೆ ಒಂದು ದಮ್ ಸಾಕು. ಜಾಸ್ತಿ ಎಳೆದರೆ ತುದಿ ಕಾದು ಕೆಂಡವಾಗುತ್ತದೆ, 20 ಡಾಲರಿನ ಸಿಗಾರ್ ಕೂಡ ಕಹಿಯಾಗುತ್ತದೆ. ಚೂರಿನ ಸಿಗಾರ್ ಆದರೆ ಇನ್ನೂ ನಿಧಾನ. ಗಾಳಿ ಒಂದೇ ಕಡೆಯಿಂದ ಬೀಸಿದರೆ ಆ ಪಕ್ಕ ಮಾತ್ರ ಉರಿದು ದೋಣಿಯ ಆಕಾರ ಆಗುತ್ತದೆ. ಹಚ್ಚುವಾಗಲೂ ಬುಡವನ್ನು ಜ್ವಾಲೆಗೆ ಮುಟ್ಟಿಸದೆ, ಹಪ್ಪಳ ಸುಡುವ ಹಾಗೆ ತಿರುಗಿಸುತ್ತಾ ಸುತ್ತಲೂ ಕೆಂಪಾಗಿಸಿ, ಆಮೇಲೆ ಎಳೆಯಿರಿ. ಸಿಗಾರ್‌ನ ತಲೆಯ, ಅಂದರೆ ಬಾಯಿಗಿಡುವ ತುದಿಯ, ಟೋಪಿಯನ್ನು ಎರಡು ಮಿಲಿಮೀಟರ್‌ನಷ್ಟು ಮಾತ್ರ ಕತ್ತರಿಸಿ. ಜಾಸ್ತಿ ಕತ್ತರಿಸಿದರೆ ರ‍್ಯಾಪರ್ ಸೀರೆಯ ನೆರಿಗೆ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತದೆ. ಕೊನೆಯ ಮೂರನೇ ಒಂದು ಭಾಗ ಕಹಿ ಅನಿಸಿದರೆ ಅಲ್ಲಿಗೇ ಬಿಡಿ. ದುಡ್ಡು ಕೊಟ್ಟಿದ್ದೇನೆ ಅಂತ ಬೆರಳು ಸುಡುವ ತನಕ ಎಳೆಯುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ. ತಲೆ ಸುತ್ತಿದರೆ ಸೇದುವುದು ನಿಲ್ಲಿಸಿ, ಬಾಯಿಗೆ ಒಂದು ಚೂರು ಬೆಲ್ಲ ಹಾಕಿಕೊಂಡು ಕೂತುಕೊಳ್ಳಿ.

ಹೆಸರು, ಅಳತೆ ಅಂತ ಇಷ್ಟು ದೂರ ಬಂದ ಮೇಲೆ ಒಂದು ಸಣ್ಣ ಖುಷಿ. ಇಂಗ್ಲಿಷಿನವರು ‘ಚೆರೂಟ್’ ಅನ್ನುವುದು ತಮಿಳಿನ ‘ಸುರುಟ್ಟು’ ಪದದಿಂದ ಹೋದದ್ದು. ನಮ್ಮ ಕನ್ನಡದಲ್ಲೂ ಚಾಪೆ ಸುರುಟು ಅಂತೀವಲ್ಲ, ಅದೇ. ತಿರುಚಿನಾಪಳ್ಳಿಯ ಚೆರೂಟ್‌ಗಳು ಬ್ರಿಟಿಷರ ಕಾಲದಲ್ಲಿ ಲಂಡನ್‌ವರೆಗೂ ಹೆಸರು ಮಾಡಿದ್ದವು. ಅಲ್ಲಿನ ಸಾಹೇಬರ ದಿನಬಳಕೆಯ ಸಿಗಾರ್ ಅದು.

ಇನ್ನು ಆ 17. ಮೊದಲು ಅಡುಗೆಮನೆಯಿಂದ ಈಚೆ ತನ್ನಿ. ತೂತು ಇದೆಯಾ ನೋಡಿ. ಇಲ್ಲದಿದ್ದರೆ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, 65ರ ಪೊಟ್ಟಣ ಇಟ್ಟು, ಮುಚ್ಚಿ, ಬೆಳಕು ಬೀಳದ ಜಾಗದಲ್ಲಿಡಿ. ಒಣಗಿದ್ದನ್ನು ಒಮ್ಮೆಲೇ ಒದ್ದೆ ಮಾಡಿದರೆ ಹೂರಣ ಉಬ್ಬಿ ರ‍್ಯಾಪರ್ ಸೀಳುತ್ತದೆ, ಹಾಗಾಗಿ 72ರ ಪೊಟ್ಟಣ ಹಾಕುವ ಆತುರ ಬೇಡ. ಎರಡು ತಿಂಗಳು ಮುಟ್ಟಬೇಡಿ. ಹಾಕಿದ ದಿನವೇ ಉಪ್ಪಿನಕಾಯಿ ತಿಂದು ಚೆನ್ನಾಗಿಲ್ಲ ಅನ್ನುವವರುಂಟೇ? ಆಮೇಲೆ ಗಾಳಿಯಿಲ್ಲದ ಒಂದು ಸಂಜೆ, ಊಟವಾದ ಮೇಲೆ, ಕೂತು, ನಿಧಾನವಾಗಿ ಒಂದು ಸೇದಿ ನೋಡಿ. ಕಹಿ ಹೋಗಿ ಬರೀ ಸಪ್ಪೆ ಅನಿಸಿದರೆ ನಿಮ್ಮ 40 ಡಾಲರ್ ಪೂರ್ತಿ ನಷ್ಟವಲ್ಲ, ಹಿಮ ಬಾಚುವಾಗಿನ ಸಿಗಾರ್ ಸಿಕ್ಕಿತು. ಇನ್ನೂ ಮೂಗಿಗೆ ಚುಚ್ಚಿದರೆ ಮತ್ತೆ ಮುಚ್ಚಿಟ್ಟು ಆರು ತಿಂಗಳು ಮರೆತುಬಿಡಿ. ಅಂದಹಾಗೆ, ಕಪಾಟಿನಲ್ಲಿ ಇಂಗಿನ ಡಬ್ಬಿಯ ಪಕ್ಕದಲ್ಲೇನಾದರೂ ಇಟ್ಟಿದ್ದೀರಾ? ಎಲೆಗೆ ಇಂಗಿನ ವಾಸನೆ ಹಿಡಿದಿದ್ದರೆ ಅದಕ್ಕೆ ನನ್ನ ಹತ್ತಿರ ಯಾವ ಮದ್ದೂ ಇಲ್ಲ.